ಬಾಗಿಲ ಮೇಲಿನ ಡಾಕ್ಟರು

ಯಾರಾದರೂ ಮರ್ಯಾದೆ ಕೊಟ್ಟರೆ, ಅದು ನನಗೇ ಸೇರಬೇಕಾದದ್ದೋ ಅಲ್ಲವೋ ಎಂದು ವಿಚಾರಿಸದೆ ತೆಗೆದುಕೊಂಡುಬಿಡುವ ದೌರ್ಬಲ್ಯ ನನಗಿದೆ. ಯುದ್ಧದ ಕಾಲದಲ್ಲಿ ನನ್ನನ್ನು ಲೆಕ್ಕದ ಮೇಷ್ಟ್ರಾಗಿ ದೇವನಹಳ್ಳಿಗೆ ವರ್ಗ ಮಾಡಿದರು. ಸಿಕ್ಕ ಬಾಡಿಗೆ ಮನೆಯಲ್ಲಿ ನನಗಿಂತ ಮೊದಲು ಒಬ್ಬ ಡಾಕ್ಟರಿದ್ದರಂತೆ. ಅವರು ಹೊಸಕೋಟೆಗೆ ಹೋದರೂ ಅವರ ತಗಡಿನ ಬೋರ್ಡು ಮಾತ್ರ ಬಾಗಿಲ ಮೇಲೇ ಉಳಿದಿತ್ತು. ಹೆಸರು ಮಳೆಗೆ ಅಳಿಸಿಹೋಗಿ, 'ಡಾಕ್ಟರ್' ಅನ್ನುವುದಷ್ಟೇ ಗಟ್ಟಿಯಾಗಿ ನಿಂತಿತ್ತು.

"ಅದನ್ನ ತೆಗೆದುಬಿಡ್ರೀ" ಎಂದು ಹೆಂಡತಿ ಬಂದ ದಿನವೇ ಹೇಳಿದಳು. ಏಣಿ ಇಲ್ಲ ಎಂದೆ. ನಿಜವಾದ ಕಾರಣ ಬೇರೆ. ಜಗಲಿಯ ಮೇಲೆ ಕೂತರೆ ಬೀದಿಯಲ್ಲಿ ಹೋಗುವವರು ಕೈಮುಗಿಯುತ್ತಿದ್ದರು. ಹದಿನೈದು ವರ್ಷ ಭಿನ್ನರಾಶಿ ಕಲಿಸಿದವನಿಗೆ ಅಂಥ ನಮಸ್ಕಾರ ಯಾರೂ ಮಾಡಿರಲಿಲ್ಲ. ಕೆಮ್ಮು ಎಂದು ಬಂದ ಒಬ್ಬಿಬ್ಬರಿಗೆ, "ಸರ್ಕಾರಿ ಆಸ್ಪತ್ರೆಗೆ ಹೋಗಿ" ಎಂದು ಗಂಭೀರವಾಗಿ ಹೇಳಿ ಕಳಿಸಿದ್ದೆ. ಸುಳ್ಳೇನೂ ಹೇಳಲಿಲ್ಲವಲ್ಲ ಎಂಬ ಸಮಾಧಾನ ಬೇರೆ.

ಒಂದು ಭಾನುವಾರ ಬೆಳಿಗ್ಗೆ ಬಾಗಿಲಿಗೆ ಗಾಡಿ ಬಂದು ನಿಂತಿತು. ನಲ್ಲೂರಿನ ರೈತನೊಬ್ಬ ಕೆಳಗಿಳಿದು, "ಸ್ವಾಮಿ, ನಮ್ಮೆಂಗಸ್ಗೆ ಚೇಳು ಕಚ್ಚೈತೆ. ಏಳು ತಿಂಗಳ ಬಸುರಿ" ಎಂದ. ಗಾಡಿಯೊಳಗೆ ಆಕೆ ಬೆವೆತು ನರಳುತ್ತಿದ್ದಳು. ನಾನು ಡಾಕ್ಟರಲ್ಲ ಎನ್ನಲು ಹೊರಟವನು, "ಬನ್ನಿ, ಬನ್ನಿ" ಎನ್ನುತ್ತ ಬನಿಯನ್ನಿನಲ್ಲೇ ಗಾಡಿಯ ಮುಂದೆ ಓಡಿದೆ. ಊರಿನ ಇನ್ನೊಂದು ಕೊನೆಯಲ್ಲಿದ್ದ ಆಸ್ಪತ್ರೆ ಅಂದು ಎಷ್ಟು ಹೊತ್ತಾದರೂ ಸಿಗಲೊಲ್ಲದು. ಆಕೆಗೇನಾದರೂ ಆದರೆ ಎರಡು ಜೀವದ ಪಾಪ ನನ್ನ ತಲೆಗೇ ಎಂದುಕೊಳ್ಳುತ್ತ ಓಡಿದೆ.

ಆಸ್ಪತ್ರೆಯ ಡಾಕ್ಟರು ಸೂಜಿ ಚುಚ್ಚಿದರು. ನಾನು ಹೊರಗೆ ಬೇವಿನ ಮರದ ಕೆಳಗೆ ಗೊತ್ತಿದ್ದ ದೇವರನ್ನೆಲ್ಲ ಕರೆಯುತ್ತ ಕೂತೆ. ಮಧ್ಯಾಹ್ನದ ಹೊತ್ತಿಗೆ, "ಭಯವಿಲ್ಲ, ಇಬ್ಬರೂ ಕ್ಷೇಮ" ಎಂದರು. ಮನೆಗೆ ಬಂದವನೇ ಮೇಜಿನ ಮೇಲೆ ಸ್ಟೂಲು ಹಾಕಿ ಹತ್ತಿ ಬೋರ್ಡು ಕಿತ್ತೆ. ಹೆಂಡತಿ ಸ್ಟೂಲು ಹಿಡಿದು ನಿಂತಿದ್ದಳು. ಏಣಿಯ ಮಾತು ಎತ್ತಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಆ ರೈತ ಒಂದು ಕುಕ್ಕೆ ಹುಣಿಸೆಹಣ್ಣು ಹೊತ್ತು ತಂದ. ನನಗೆ ತಡೆಯಲಾಗಲಿಲ್ಲ. "ನೋಡಪ್ಪ, ತಪ್ಪಾಯ್ತು. ನಾನು ಡಾಕ್ಟರಲ್ಲ, ಸ್ಕೂಲ್ ಮೇಷ್ಟ್ರು" ಎಂದೆ.

ಅವನು ಕುಕ್ಕೆ ಇಳಿಸಿ, ಟವೆಲಿನಲ್ಲಿ ಮುಖ ಒರೆಸಿಕೊಂಡ.

"ಅವತ್ತೇ ಗೊತ್ತಾಯ್ತು ಬುಡಿ ಸ್ವಾಮಿ" ಎಂದ. "ಡಾಕ್ಟ್ರು ಎಲ್ಲಾದ್ರೂ ಅಷ್ಟೊಂದು ಹೆದರ್ಕೊಂತಾರಾ?"