ಮುಕ್ತಿ ವಾಹನದಲ್ಲಿ ಕರಾವಳಿ

ಕೆಲವರ ಜಾತಕದಲ್ಲಿ ಧನಯೋಗ ಇರುತ್ತದೆ, ಕೆಲವರದರಲ್ಲಿ ವಾಹನಯೋಗ. ನನ್ನದರಲ್ಲಿ ಇರುವುದು ನಗೆಪಾಟಲಿನ ಯೋಗ. ಅಳಬೇಕಾದ ಹೊತ್ತಿಗೆ ಸರಿಯಾಗಿ ಏನಾದರೊಂದು ನಡೆದು, ಸಮಾಧಾನ ಹೇಳಲು ಬಂದವರು ಬಾಯಿಗೆ ಟವೆಲ್ ಅಡ್ಡ ಹಿಡಿದುಕೊಂಡು ಎದ್ದು ಹೋಗುವಂತಾಗುತ್ತದೆ. ಇದು ಒಂದು ಸಲದ ಮಾತಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿ ರೂಟಿನಲ್ಲಿ ಮೂವತ್ತು ವರ್ಷ ಪ್ರೈವೇಟ್ ಬಸ್ ಓಡಿಸಿದವನು ನಾನು. ಹಿಂದಿನ ಬಸ್ಸಿನವನು ನಮ್ಮ ಟೈಮಿಗೆ ನುಗ್ಗದ ಹಾಗೆ ಓಡಿಸುವುದೇ ಕೆಲಸ. ದಾರಿಯಲ್ಲಿ ಏನೇನು ಇತ್ತು ಅಂತ ಕೇಳಿದರೆ ಹಂಪುಗಳು ಎಲ್ಲೆಲ್ಲಿ ಇವೆ ಅಂತ ಮಾತ್ರ ಹೇಳಬಲ್ಲೆ. ಕೆಲಸ ಬಿಟ್ಟ ಮೇಲೆ ಒಂದೇ ಆಸೆ ಉಳಿದಿತ್ತು. ಮಲಗಲಿಕ್ಕೆ, ಅಡುಗೆ ಮಾಡಲಿಕ್ಕೆ ಆಗುವಂಥ ಒಂದು ಗಾಡಿ ಮಾಡಿಕೊಂಡು, ಗಂಡ ಹೆಂಡತಿ ಇಬ್ಬರೇ, ದೇಶದ ಕರಾವಳಿಯನ್ನು ಯಾರ ಟೈಮಿಗೂ ಹೆದರದೆ ಮೆಲ್ಲಗೆ ಸುತ್ತಬೇಕು. ಈ ಕಡೆಯಿಂದ ಕನ್ಯಾಕುಮಾರಿ, ಆ ಕಡೆಯಿಂದ ಬಂಗಾಳದ ತನಕ.

ಅಷ್ಟರಲ್ಲಿ ಎರಡೂ ಕಿಡ್ನಿ ಕೈಕೊಟ್ಟವು. ಈಗ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ಸಾಗರದ ಒಂದು ಡಯಾಲಿಸಿಸ್ ಸೆಂಟರಿನಲ್ಲಿ ಮಲಗುತ್ತೇನೆ. ಅಲ್ಲಿ ಬೆಡ್ಡುಗಳು ಕಡಿಮೆ, ಕಾಯುವವರ ಪಟ್ಟಿ ಉದ್ದ. ನನ್ನದು ಮಂಗಳವಾರ, ಗುರುವಾರ, ಶನಿವಾರ. ಬಿಟ್ಟು ಹೋದರೆ ಆ ಜಾಗ ಬೇರೆಯವರಿಗೆ ಹೋಗುತ್ತದೆ, ವಾಪಸ್ ಬಂದಾಗ ಸಿಗುತ್ತದೆಂಬ ಖಾತ್ರಿ ಇಲ್ಲ. ಬೆಡ್ ಇಲ್ಲದಿದ್ದರೆ ನಾನೂ ಇಲ್ಲ, ಅಷ್ಟೇ ಲೆಕ್ಕ. ಆದರೂ ಹೊರಡುತ್ತೇನೆ ಅಂತ ಹಟ ಹಿಡಿದೆ. ಛಾವಣಿಯ ಫ್ಯಾನ್ ನೋಡಿಕೊಂಡು ಸಾಯುವುದಕ್ಕಿಂತ ಸಮುದ್ರ ನೋಡಿಕೊಂಡು ಸತ್ತರೆ ಆಯಿತು ಅನ್ನಿಸಿತ್ತು.

ಕಂಪ್ಲೇಂಟ್ ಇಲ್ಲದ ಗಾಡಿ

ಕಡಿಮೆಗೆ ಒಂದು ಗಾಡಿ ಇದೆ ಅಂತ ಬ್ರೋಕರ್ ಒಬ್ಬ ಆನಂದಪುರಕ್ಕೆ ಕರೆಸಿದ. ಉದ್ದನೆಯ ವ್ಯಾನು, ಬಿಳಿ ಬಣ್ಣ, ಒಳಗೆ ಸೀಟೇ ಇಲ್ಲ, ನೆಲಕ್ಕೆ ಸ್ಟೀಲ್ ಹಾಳೆ. ಎಂಜಿನ್ ಕೇಳಿದರೆ ಬೆಣ್ಣೆ. ಮೂವತ್ತು ವರ್ಷದ ಅನುಭವದಲ್ಲಿ ಹೇಳುತ್ತೇನೆ, ಅಷ್ಟು ಹಳೆಯ ಗಾಡಿಯ ಗೇರ್‌ಬಾಕ್ಸ್ ಅಷ್ಟು ಚೆನ್ನಾಗಿ ಇರುವುದೇ ಇಲ್ಲ.

“ಯಾರು ಓಡಿಸ್ತಿದ್ದಿದ್ದು ಮಾರಾಯ ಇದನ್ನ?” ಅಂದೆ.

“ಸೇವಾ ಸಂಸ್ಥೆಯೋರದ್ದು ಸಾರ್. ಇಪ್ಪತ್ತರ ಮೇಲೆ ಸ್ಪೀಡ್ ಹೋಗಿದ್ದೇ ಇಲ್ಲ. ಓವರ್‌ಲೋಡ್ ಇಲ್ಲ. ಯಾವಾಗ್ಲೂ ಒಬ್ರೇ ಪ್ಯಾಸೆಂಜರ್.”

ಆಗ ಬಾಗಿಲ ಮೇಲೆ ಅಳಿಸಿದ್ದ ಅಕ್ಷರ ಬಿಸಿಲಿಗೆ ಕಂಡಿತು, ಮುಕ್ತಿ ವಾಹನ ಅಂತ. ನಾನು ಹೆಂಡತಿಯ ಮುಖ ನೋಡಿದೆ. ಅವಳು ಸ್ಟೀಲ್ ನೆಲ ಮುಟ್ಟಿ ನೋಡಿ, “ತೊಳೆಯೋದು ಸುಲಭ,” ಅಂದಳು.

ಬ್ರೋಕರ್ ಹುರುಪಾದ. “ನೀವು ಬಸ್ಸಿನೋರು ಸಾರ್, ನಿಮ್ಗೇ ಗೊತ್ತು. ಇಷ್ಟು ವರ್ಷದಲ್ಲಿ ಹಿಂದೆ ಕೂತೋರು ಯಾರಾದ್ರೂ ಒಬ್ರು ಕಂಪ್ಲೇಂಟ್ ಹೇಳಿದ್ರೆ ಕೇಳಿ!”

ದಾರಿ ಬಿಡುವ ಜನ

ಡಯಾಲಿಸಿಸ್ ಆದ ದಿನ ನನ್ನ ಕೈಕಾಲು ಬತ್ತಿಯಂತಾಗಿರುತ್ತದೆ, ಸ್ಟೇರಿಂಗ್ ಹಿಡಿಯುವುದಿರಲಿ, ಚಮಚ ಹಿಡಿಯುವುದೂ ಕಷ್ಟ. ಹಾಗಾಗಿ ಹೆಂಡತಿ ಐವತ್ತೆಂಟನೇ ವಯಸ್ಸಿಗೆ ಡ್ರೈವಿಂಗ್ ಕಲಿಯಬೇಕಾಯಿತು. ಎಲ್ ಬೋರ್ಡ್ ಕಟ್ಟಿಕೊಂಡು ಆ ವ್ಯಾನಿನಲ್ಲೇ ಕಲಿತಳು. ಮೇಸ್ಟ್ರು ನಾನೇ.

ಮೊದಲ ದಿನ ತಾಳಗುಪ್ಪದ ರಸ್ತೆಗೆ ಹೊರಟೆವು. ಅವಳಿಗೆ ಗೇರ್ ಬೀಳುತ್ತಿಲ್ಲ, ಗಾಡಿ ಎರಡನೇ ಗೇರಿನಲ್ಲೇ ತೆವಳುತ್ತಿದೆ. ಆದರೆ ಒಬ್ಬನೂ ಹಾರ್ನ್ ಹೊಡೆಯಲಿಲ್ಲ! ಎದುರು ಬಂದ ಬಸ್ಸುಗಳು ಬದಿಗೆ ಸರಿದವು. ನನ್ನ ಜೊತೆ ಟೈಮಿಂಗಿಗೆ ಕಾಲರ್ ಹಿಡಿದು ಜಗಳ ಆಡಿದ್ದ ಡ್ರೈವರ್ ಒಬ್ಬ ಬಸ್ ನಿಲ್ಲಿಸಿ, ಟೋಪಿ ತೆಗೆದು ಕೈ ಮುಗಿದ. ಹಿಂದೆ ತಿರುಗಿ ನೋಡಿದರೆ ಏಳೆಂಟು ಬೈಕು, ಎರಡು ಕಾರು, ಒಂದು ಆಟೋ, ಯಾರೂ ಓವರ್‌ಟೇಕ್ ಮಾಡದೆ ತಲೆ ತಗ್ಗಿಸಿಕೊಂಡು ಬರುತ್ತಿದ್ದಾರೆ. ಅವಳು ಗಾಬರಿಯಾಗಿ ಪೆಟ್ರೋಲ್ ಬಂಕಿಗೆ ತಿರುಗಿಸಿದಳು. ಅಷ್ಟೂ ಜನ ಬಂಕಿಗೇ ಬಂದರು.

ಆಟೋದಿಂದ ಇಳಿದವರೊಬ್ಬರು ನನ್ನ ಹತ್ತಿರ ಬಂದು ಮೆಲ್ಲಗೆ, “ಯಾರು ಹೋದ್ರು ಅಣ್ಣಾ?” ಅಂದರು.

“ಯಾರೂ ಇಲ್ಲ. ಡ್ರೈವಿಂಗ್ ಕಲೀತಿದಾಳೆ.”

ಅವರು ನನ್ನನ್ನು ಕ್ಷಮಿಸಿದ ಹಾಗೆ ಕಾಣಲಿಲ್ಲ. ಸಂಜೆಯೇ ಪೇಂಟರ್‌ಗೆ ಹೇಳಿ ಅಕ್ಷರ ಪೂರ್ತಿ ಉಜ್ಜಿಸೋಣ ಅಂದೆ. ಹೆಂಡತಿ ಬಿಡಲಿಲ್ಲ. “ಲೈಸೆನ್ಸ್ ಬರೋ ತನಕ ಇರ್ಲಿ. ಎಷ್ಟು ಒಳ್ಳೆ ಜನ!”

ಬಾಯಿ ಮುಚ್ಚಿಕೊಂಡು

ಸೆಂಟರಿನ ನರ್ಸಮ್ಮನಿಗೆ ನನ್ನ ಪ್ಲಾನು ಹೇಳಿದೆ. ಅವರು ಸಿಟ್ಟು ಮಾಡಿಕೊಳ್ಳಲಿಲ್ಲ, ಪೆನ್ ತೆಗೆದುಕೊಂಡು ಪಟ್ಟಿ ಬರೆದರು. ಎಳನೀರು ಕುಡಿಯಬಾರದು, ವಿಷ ಅಂತ ತಿಳೀರಿ. ಒಣಮೀನು ಬೇಡ. ಬಾಳೆಹಣ್ಣು ಬೇಡ. ಉಪ್ಪು ಹೆಸರಿಗೆ ಮಾತ್ರ. ನೀರು ದಿನಕ್ಕೆ ಒಂದು ಲೀಟರ್, ಅದರಲ್ಲಿ ಟೀ, ಸಾರು, ಮಜ್ಜಿಗೆ ಎಲ್ಲ ಸೇರಿತು.

“ಎಳನೀರಿಲ್ಲ, ಮೀನಿಲ್ಲ, ನೀರೂ ಇಲ್ಲ. ಕರಾವಳಿ ಸುತ್ತಿ ಏನ್ ಮಾಡ್ತೀರಿ?” ಅಂದರು.

“ಸಮುದ್ರ ನೋಡ್ತೀನಿ.”

“ಅದಕ್ಕೆ ಅಡ್ಡಿ ಇಲ್ಲ. ಬಾಯಿ ಮುಚ್ಕೊಂಡು ನೋಡಿ.”

ಯಾವ ಘಾಟಿ?

ನಮ್ಮ ಮೂರು ತಾಲ್ಲೂಕಿಗೂ ಸಮುದ್ರಕ್ಕೆ ಇಳಿಯಲು ತಮ್ಮ ತಮ್ಮ ಘಾಟಿ ಇದೆ. ಅದರ ಮೇಲೆ ಇರುವ ಅಭಿಮಾನ ಎಂಥದ್ದು ಅಂತ ಹೊರಗಿನವರಿಗೆ ತಿಳಿಯುವುದಿಲ್ಲ. ಭಾನುವಾರ ಮನೆಯಲ್ಲಿ ಊಟಕ್ಕೆ ಕೂತಾಗ ಸಾಗರದ ನಮ್ಮ ದೊಡ್ಡಪ್ಪನ ಮಗ ಗೇರುಸೊಪ್ಪೆ ಅಂದ. ಹೊಸನಗರದ ಷಡ್ಡಕ ಹುಲಿಕಲ್ ಅಂದರು. ತೀರ್ಥಹಳ್ಳಿಯ ಬಾವಮೈದ ಕೈ ತೊಳೆದು ಎದ್ದೇಬಿಟ್ಟ.

“ಆಗುಂಬೆ ಬಿಟ್ಟು ಸಮುದ್ರಕ್ಕೆ ಇಳಿಯೋದು ಅಂದ್ರೆ ಹಿತ್ತಲ ಬಾಗ್ಲಿಂದ ಮನೆಗೆ ನುಗ್ಗಿದಂಗೆ ಬಾವ!”

ಕನ್ಯಾಕುಮಾರಿ, ಬಂಗಾಳ ಯಾರಿಗೂ ಬೇಕಿರಲಿಲ್ಲ. ಮೊದಲ ಐವತ್ತು ಕಿಲೋಮೀಟರಿನ ಬಗ್ಗೆಯೇ ಒಂದು ಗಂಟೆ ಕೂಗಾಟ. ಕೊನೆಗೆ ನಾನೇ ಹೇಳಿದೆ. “ಹೋದಲ್ಲೆಲ್ಲ ನಂಗೆ ಡಯಾಲಿಸಿಸ್ ಬೆಡ್ ಬೇಕು. ಮೊದಲನೇದು ಕೊಟ್ಟಿರೋದು ಕುಂದಾಪುರದ ಕಡೆ ಒಂದು ಸೆಂಟರಿನೋರು. ಹುಲಿಕಲ್ಲೇ ಹತ್ತಿರ. ಇನ್ನು ಮಾತು ಬೇಡ.”

ಬಾವಮೈದ ಚಪ್ಪಲಿ ಮೆಟ್ಟಿಕೊಂಡ. “ಹೋಗಿ. ದಾರೀಲಿ ಏನಾದ್ರೂ ಆದ್ರೆ ನನ್ನ ಕರೀಬೇಡಿ.”

ಮರುದಿನ ಬೆಳಿಗ್ಗೆ ಅವನದೇ ಫೋನು. “ಬಾವ, ನಿನ್ನೆ ಹೇಳಿದ್ದು ತಪ್ಪಾಯ್ತು. ಹೆಚ್ಚುಕಮ್ಮಿ ಆದ್ರೆ ನಾನೇ ಬಂದು ನಿಮ್ಮನ್ನ ತರ್ತೀನಿ. ಆದ್ರೆ ಆಗುಂಬೆ ಮೇಲೇ ತರ್ತೀನಿ.”

ಒಬ್ಬರಿಗೆ ಸ್ವಲ್ಪ ಸೀರಿಯಸ್

ಎಲ್ಲರೂ ಊರು ನೋಡಿ ಪ್ರವಾಸದ ದಾರಿ ಬರೆಯುತ್ತಾರೆ. ನಮ್ಮದು ಬೆಡ್ ನೋಡಿ ಬರೆದದ್ದು. ಒಂದೊಂದು ಊರಲ್ಲಿ ತಿಂಗಳು ನಿಲ್ಲುವುದು, ಅಲ್ಲಿ ಡಯಾಲಿಸಿಸ್, ನಡುವಿನ ದಿನಗಳಲ್ಲಿ ಸಮುದ್ರ. ಹೆಂಡತಿ ನೋಟ್‌ಬುಕ್ ಹಿಡಿದು ಕರಾವಳಿಯ ಸೆಂಟರುಗಳಿಗೆಲ್ಲ ಫೋನ್ ಮಾಡಿದಳು. ಕಾಸರಗೋಡಿನ ಕಡೆಯ ಒಂದು ಸೆಂಟರಿನಲ್ಲಿ ನರ್ಸ್‌ಗೆ ಕನ್ನಡ ಬರುತ್ತಿತ್ತು, ಸ್ಪೀಕರ್ ಹಾಕಿ ಮಾತಾಡಿದಳು.

“ಈಗ ಖಾಲಿ ಇಲ್ಲ ಅಮ್ಮ. ಹದಿನೈದು ದಿನ ಬಿಟ್ಟು ಫೋನ್ ಮಾಡಿ, ಆಗಬಹುದು.”

“ಹದಿನೈದು ದಿನಕ್ಕೆ ಹೇಗೆ ಖಾಲಿ ಆಗ್ತದೆ?”

“ಒಬ್ಬರಿಗೆ ಸ್ವಲ್ಪ ಸೀರಿಯಸ್ ಉಂಟು.”

ಅವಳು ಫೋನ್ ಇಟ್ಟು ನೋಟ್‌ಬುಕ್ ಮುಚ್ಚಿದಳು. ಬೆಡ್ ಖಾಲಿ ಆಗುವುದು ಅಂದರೆ ಏನು ಅಂತ ನನಗೆ ಮೊದಲೇ ಗೊತ್ತಿತ್ತು. ನನಗೆ ಸಾಗರದಲ್ಲಿ ಮಂಗಳವಾರ ಸಿಕ್ಕಿದ್ದೂ ಹಾಗೆಯೇ. ಅವಳಿಗೆ ಅದು ಹೊಸದು. ಆದರೂ ಹದಿನಾರನೇ ದಿನ ಫೋನ್ ಮಾಡಿದಳು.

“ಅವ್ರು ಹೇಗಿದಾರೆ ಸಿಸ್ಟರ್?”

“ಓ, ಈಗ ಆರಾಮ ಅಮ್ಮ! ನಿನ್ನೆ ನಡೆದುಕೊಂಡೇ ಬಂದ್ರು.”

“ಛೇ!” ಅಂದುಬಿಟ್ಟಳು ಇವಳು.

ಅಂದ ಕೂಡಲೇ ಫೋನ್ ಬಿಸಾಕಿ ಎರಡೂ ಗಲ್ಲ ಬಡಿದುಕೊಂಡಳು. ಓಡಿಹೋಗಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಆ ಊರನ್ನು ನೋಟ್‌ಬುಕ್ಕಿನಿಂದ ಹೊಡೆದು ಹಾಕಿದಳು. ಈಗಲೂ ದಿನಾ ಬೆಳಿಗ್ಗೆ ಹೆಸರು ಗೊತ್ತಿಲ್ಲದ ಆ ಮನುಷ್ಯನ ಆರೋಗ್ಯಕ್ಕೆ ಕೈ ಮುಗಿಯುತ್ತಾಳೆ. ನನ್ನ ಸರದಿ ಆಮೇಲೆ.

ಹೇಳಿದ ದಿನ ಬಂದ ಆಚಾರಿ

ಮರದ ಕೆಲಸದವರು ನಮ್ಮ ಕಡೆ ಹೇಳಿದ ದಿನ ಬಂದದ್ದನ್ನು ಯಾರಾದರೂ ಕಂಡಿದ್ದೀರಾ? ವ್ಯಾನಿನ ಒಳಗೆ ಮಂಚ, ಕಪಾಟು ಮಾಡಿಸಲು ಹೊಸನಗರದ ಆಚಾರಿ ಒಬ್ಬರಿಗೆ ಸೋಮವಾರ ಬನ್ನಿ ಅಂದಿದ್ದೆ. ಅವರು ಭಾನುವಾರವೇ ಬಂದು ಜಗಲಿಯಲ್ಲಿ ಕೂತಿದ್ದರು. ಅಳತೆಗೆ ನನ್ನನ್ನು ಸ್ಟೀಲ್ ನೆಲದ ಮೇಲೆ ಅಂಗಾತ ಮಲಗಿಸಿ ಟೇಪ್ ಹಿಡಿದರು. ಅದೇ ಹೊತ್ತಿಗೆ ಹಾಲು ಕೊಡಲು ಬಂದ ಪಕ್ಕದ ಮನೆಯಾಕೆ ನೋಡಿ, ಹಾಲಿನ ಪಾತ್ರೆ ಕೆಳಗಿಟ್ಟು ಅಳಲಿಕ್ಕೇ ಶುರುಮಾಡಿದರು.

ಏನೋ ಕೆಲಸ ಇದೆ ಅಂತ ವಾರಕ್ಕೆ ಎರಡು ದಿನ ಬಿಟ್ಟರೆ, ಆಚಾರಿ ಅಮಾವಾಸ್ಯೆಗೂ ರಜೆ ಮಾಡಲಿಲ್ಲ. ತಿಂಗಳ ಕೆಲಸ ಹನ್ನೆರಡು ದಿನಕ್ಕೆ ಮುಗಿಯಿತು. ಹೇಳದೇ ಇದ್ದ ಮಡಚುವ ಮೇಜನ್ನೂ ಮಾಡಿಕೊಟ್ಟರು. ದಿನಕ್ಕೆ ಮೂರು ಸಲ ಒಂದೇ ಪ್ರಶ್ನೆ. “ಯಾವಾಗ ಹೊರಡ್ತೀರಿ ಅಣ್ಣಾ?”

ನಿಜ ಹೇಳಬೇಕೆಂದರೆ ಅಷ್ಟರಲ್ಲಿ ನನಗೆ ಹೆದರಿಕೆ ಹತ್ತಿತ್ತು. ಬೆಡ್ ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕಲು ಎರಡು ಸಲ ಹೋಗಿ, ಎರಡು ಸಲವೂ ಪೆನ್ ಮರೆತೆ ಅಂತ ವಾಪಸ್ ಬಂದಿದ್ದೆ. ಘಾಟಿಯಲ್ಲಿ ಮಣ್ಣು ಕುಸಿದಿದೆ, ಮಳೆ ಕಡಿಮೆಯಾಗಲಿ, ದಸರಾ ಕಳೆಯಲಿ, ಹೀಗೆ ಸಬೂಬು ಹೇಳುತ್ತಿದ್ದೆ. ಮಳೆ ಕಡಿಮೆಯಾಗಿ ತಿಂಗಳಾಗಿತ್ತು. ಆಚಾರಿ ಬೆಳಿಗ್ಗೆ ಹೋಗಿ ಹುಲಿಕಲ್ ಘಾಟಿ ಇಳಿದು ಹತ್ತಿ ಬಂದು, “ರಸ್ತೆ ಚೊಕ್ಕ ಇದೆ ಅಣ್ಣಾ, ನಾನೇ ನೋಡ್ಕಂಡು ಬಂದೆ,” ಅಂದರು. ಎಂಥ ಪ್ರೀತಿ ಅಂತ ನನಗೆ ಕಣ್ಣಲ್ಲಿ ನೀರು ಬಂತು.

ಆ ನೀರನ್ನು ಒಣಗಿಸಿದವರು ನರ್ಸಮ್ಮ. “ಬೇಗ ಹೇಳಿ ಸಾರ್, ನಿಮ್ಮ ಜಾಗಕ್ಕೆ ಪಟ್ಟೀಲಿ ಮೊದಲನೇ ಹೆಸರು ಹೊಸನಗರದ ಒಬ್ರು ಹೆಂಗಸಿಂದು. ಗಂಡ ಆಚಾರಿ ಕೆಲಸ ಮಾಡ್ತಾರೆ, ದಿನಾ ಫೋನ್ ಮಾಡಿ ಕೇಳ್ತಾರೆ.”

ಸಿಟ್ಟು ನೆತ್ತಿಗೇರಿತು. ಮನೆಗೆ ಬಂದವನೇ ಆಚಾರಿಯನ್ನು ಹಿಡಿದು ಕೇಳಿದೆ. ಅವರು ಉಳಿ ಕೆಳಗಿಟ್ಟರು.

“ವಾರಕ್ಕೆ ಎರಡು ಸಲ ಅವಳನ್ನ ಶಿವಮೊಗ್ಗಕ್ಕೆ ಬಸ್ಸಲ್ಲಿ ಕರ್ಕಂಡು ಹೋಗ್ತೀನಿ ಅಣ್ಣಾ. ವಾಪಸ್ ಬರ್ತಾ ಸೀಟ್ ಸಿಗಲ್ಲ, ನಿಂತ್ಕಂಡೇ ಬರ್ತಾಳೆ. ಸಾಗರ ಆದ್ರೆ ಒಂದು ಗಂಟೆ ದಾರಿ. ನೀವು ಸಾಯ್ಲಿ ಅಂತ ಯಾವತ್ತೂ ಬೇಡ್ಕಂಡಿಲ್ಲ, ದೇವ್ರಾಣೆ. ಹೋಗ್ಲಿ ಅಂತ ಮಾತ್ರ ಬೇಡ್ಕಂಡೆ.”

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ ನನಗೆ. ಮೂವತ್ತು ವರ್ಷ ನನ್ನ ಬಸ್ಸಿನಲ್ಲಿ ಹಾಗೆ ನಿಂತು ಬಂದವರು ಎಷ್ಟು ಜನವೋ, ಕನ್ನಡಿಯಲ್ಲಿ ಒಮ್ಮೆಯೂ ನೋಡಿರಲಿಲ್ಲ. ಮರುದಿನ ಹೋಗಿ ಸಹಿ ಹಾಕಿದೆ. ಪೆನ್ ಮರೆಯದಿರಲಿ ಅಂತ ಆಚಾರಿ ಮೂರು ಪೆನ್ ತಂದಿದ್ದರು.

ಹೊರಟದ್ದು

ನನ್ನ ಕೊನೆಯ ಡಯಾಲಿಸಿಸ್ ಶನಿವಾರ ಆಯಿತು. ಸೋಮವಾರ ಘಾಟಿ ಇಳಿದು ಮಂಗಳವಾರ ಕುಂದಾಪುರದ ಕಡೆ ಮಲಗಬೇಕು. ಕಾಗದಪತ್ರ ತೆಗೆದುಕೊಂಡು ಹೋಗೋಣ ಅಂತ ಸೋಮವಾರ ಬೆಳಿಗ್ಗೆ ಸೆಂಟರಿನ ಮುಂದೆ ಗಾಡಿ ನಿಲ್ಲಿಸಿದೆವು. ಆಚಾರಿ ತಮ್ಮ ಹೆಂಡತಿಯನ್ನು ಹೆಸರು ಬರೆಸಲು ಕರೆತಂದಿದ್ದರು. ಅವಳನ್ನು ನಾನು ನೋಡಿದ್ದು ಅದೇ ಮೊದಲು. ನಲವತ್ತು ದಾಟಿರಲಿಕ್ಕಿಲ್ಲ, ಮುಖ ಊದಿತ್ತು. ತಲೆತುಂಬ ಅಬ್ಬಲಿಗೆ ಮುಡಿದುಕೊಂಡು, ಯಾರದೋ ಮದುವೆಗೆ ಬಂದವಳ ಹಾಗೆ ಖುಷಿಯಲ್ಲಿದ್ದಳು.

ನನ್ನ ಹೆಂಡತಿ ಸ್ಟೇರಿಂಗ್ ಹಿಡಿದು ಕೂತಿದ್ದಳು, ಲೈಸೆನ್ಸ್ ಬಂದು ವಾರವಾಗಿತ್ತು. ನಾನು ಪಕ್ಕದಲ್ಲಿ. ಆ ಹೆಣ್ಣುಮಗಳು ಕಿಟಕಿಯ ಹತ್ತಿರ ಬಂದಳು.

“ಅಣ್ಣಾ, ಸುತ್ತಿ ವಾಪಸ್ ಬರೋದು ಯಾವಾಗ?”

ಈ ಪ್ರಶ್ನೆಗೇ ನಾನು ಹೆದರಿದ್ದು. ವಾಪಸ್ ಬಂದರೆ ನನಗೆ ಬೆಡ್ ಬೇಕು, ಅವಳಿಗೂ ಬೇಕು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಒಂದೂವರೆ ವರ್ಷ ಆಗ್ಬಹುದು ತಂಗಿ,” ಅಂದೆ.

ಅವಳು ಬೆರಳು ಮಡಚಿ ತಿಂಗಳು ಎಣಿಸಿದಳು. ಮುಖ ಅರಳಿತು.

“ಹಾಗಾದ್ರೆ ಸಮ ಆಯ್ತು! ನಂಗೆ ಹಾರ್ಟೂ ವೀಕು. ಒಂದು ವರ್ಷ ಕಳೆದ್ರೆ ಹೆಚ್ಚು ಅಂದಿದಾರೆ ಡಾಕ್ಟ್ರು. ನೀವು ಬರೋದ್ರೊಳಗೆ ನಿಮ್ಮ ಬೆಡ್ ಖಾಲಿ ಮಾಡಿಟ್ಟಿರ್ತೀನಿ ಅಣ್ಣಾ, ಏನೂ ಯೋಚ್ನೆ ಮಾಡ್ಬೇಡಿ.”

ಹೇಳಿದವಳೇ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆಚಾರಿ ಗೋಡೆಯ ಕಡೆ ತಿರುಗಿದರು. ನನಗೂ ನಗು ಬಂತು, ಹೊಟ್ಟೆ ಹಿಡಿದುಕೊಳ್ಳುವಂಥ ನಗು, ಕಣ್ಣು ಒರೆಸಿಕೊಂಡಷ್ಟೂ ನಿಲ್ಲದ್ದು. ನನ್ನ ಹೆಂಡತಿಯ ಕಾಲು ಕ್ಲಚ್ಚಿನಿಂದ ಜಾರಿ ಗಾಡಿ ಒಮ್ಮೆ ಕುಲುಕಿ ಆಫ್ ಆಯಿತು. ಅವಳು ಮತ್ತೆ ಸ್ಟಾರ್ಟ್ ಮಾಡುವಷ್ಟರಲ್ಲಿ ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿದೆ.

“ಅವಸರ ಮಾಡ್ಬೇಡ ತಂಗಿ,” ಅಂದೆ. “ನಾವು ಇನ್ನೂ ನಿಧಾನಕ್ಕೆ ಬರ್ತೀವಿ.”