ಹನ್ನೆರಡು ಇಂಚಿನಲ್ಲಿ ಹಿಡಿಯದ ಮಾವಂದಿರು

ಅಳತೆಯ ವಿಷಯದಲ್ಲಿ ನನಗೆ ಪಾಠ ಹೇಳುವವರು ನಂಜನಗೂಡು ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಾನು ತಿಳಿದಿದ್ದೆ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಡಿ.ಟಿ.ಪಿ. ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಶಿವಗಣಾರಾಧನೆಯ ಆಹ್ವಾನ, ಫ್ಲೆಕ್ಸ್ ಬ್ಯಾನರು, ಎಲ್ಲದರ ವಿನ್ಯಾಸವೂ ನನ್ನದೇ. ಆರಕ್ಕೆ ನಾಲ್ಕು, ಹತ್ತಕ್ಕೆ ಎಂಟು ಎಂದು ಅಳತೆಯಲ್ಲೇ ಏಳುವ, ಅಳತೆಯಲ್ಲೇ ಮಲಗುವ ಮನುಷ್ಯ ನಾನು. ಇಂಥವನಿಗೆ ಮೋಸವಾಯಿತು. ಅದೂ ಅಳತೆಯಲ್ಲೇ ಆಯಿತು! ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ಇದು ಎರಡು ಸಾವಿರದ ಐದಾರನೇ ಇಸವಿಯ ಮಾತು. ನಮ್ಮ ಕಡೆ ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮುಂಚೆ ಮನೆಯ ಹಿರಿಯರೆಲ್ಲ ಕೂತು ನೋಡಬೇಕು. ಯಾರ ಹೆಸರು ಮೇಲೆ, ಯಾರದು ಕೆಳಗೆ, ಯಾರ ಅಕ್ಷರ ದಪ್ಪ ಎಂಬುದೆಲ್ಲ ಅಲ್ಲೇ ಇತ್ಯರ್ಥವಾಗಬೇಕು. ನಾನು ಕರಡು ಪ್ರತಿ ಹಿಡಿದು ಬಸ್ಸಿನಲ್ಲಿ ಹದಿನಾರು ಎಂಬ ಊರಿಗೋ ಹುಲ್ಲಹಳ್ಳಿಗೋ ಹೋಗುತ್ತಿದ್ದೆ. ಅವರು ಅದರ ಮೇಲೆ ಪೆನ್ನಿನಲ್ಲಿ ಗೀಚುತ್ತಿದ್ದರು. ನಾನು ಅಂಗಡಿಗೆ ಬಂದು ತಿದ್ದಿಕೊಂಡು ಮತ್ತೆ ಹೋಗುವಷ್ಟರಲ್ಲಿ ಇನ್ಯಾರೋ ಷಡ್ಡಕ ಮುನಿಸಿಕೊಂಡಿರುತ್ತಿದ್ದ. ಲ್ಯಾಪ್‌ಟಾಪ್ ಇದ್ದರೆ ಅವರ ಜಗಲಿಯ ಮೇಲೇ ಕೂತು, ಅವರ ಎದುರಿಗೇ ತಿದ್ದಿ, ಊಟ ಮಾಡಿಕೊಂಡು ಬರಬಹುದಲ್ಲ ಎಂದು ನನಗೆ ಹೊಳೆಯಿತು.

ಹೊಳೆದದ್ದಕ್ಕೂ ಬನ್ನೂರಿನ ಮದುವೆ ಬಂದದ್ದಕ್ಕೂ ಸರಿಹೋಯಿತು. ಬನ್ನೂರಿನಲ್ಲಿ ನನ್ನ ಹೆಂಡತಿ ಗಿರಿಜೆಯ ಸೋದರಮಾವಂದಿರಿದ್ದಾರೆ. ದೊಡ್ಡಮಾವ ಮಲ್ಲಪ್ಪ, ಚಿಕ್ಕಮಾವ ನಂಜಪ್ಪ. ತಾಯಿಯಿಲ್ಲದ ಗಿರಿಜೆಯನ್ನು ಸಾಕಿ ಬೆಳೆಸಿದವರು ಇವರಿಬ್ಬರೇ. ಆಮೇಲೆ ಗದ್ದೆಗೆ ನೀರು ತಿರುಗಿಸುವ ಸರದಿಯ ಮೇಲೆ ಜಗಳವಾಗಿ, ನಡುಮನೆಗೆ ಗೋಡೆ ಎಬ್ಬಿಸಿ, ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ದೊಡ್ಡಮಾವನ ಮಗಳಿಗೆ ಮದುವೆ ಗೊತ್ತಾದಾಗ ಗಿರಿಜೆ ಎರಡು ಬಾಗಿಲಿಗೂ ಅಲೆದು, ಅತ್ತು, ಗದರಿಸಿ, ಅವರನ್ನು ಒಂದು ಒಪ್ಪಂದಕ್ಕೆ ತಂದಳು. ಚಿಕ್ಕಮಾವನ ಹೆಸರು ಪತ್ರಿಕೆಯಲ್ಲಿ ಮನೆಯವನಾಗಿ ಬರಬೇಕು. ಬಂದರೆ ಆತ ಮದುವೆಯಲ್ಲಿ ಮುಂದೆ ನಿಂತು ಓಡಾಡುತ್ತಾನೆ. ಬರದಿದ್ದರೆ ಅವತ್ತು ಕಬ್ಬು ಕಡಿಸಲು ಹೋಗುತ್ತಾನೆ.

"ಪತ್ರಿಕೆ ನೀವೇ ಮಾಡಿ. ಇಬ್ರೂ ಒಂದೇ ಜಗಲಿ ಮೇಲೆ ಕೂತು ನೋಡಿ ಹೂಂ ಅಂದ್ರೆ ನನಗೆ ಅಷ್ಟೇ ಸಾಕು," ಎಂದಳು ಗಿರಿಜೆ.

"ಲ್ಯಾಪ್‌ಟಾಪಿನಲ್ಲಿ ತೋರಿಸುತ್ತೇನೆ," ಎಂದು ನಾನು ಅಭಯ ಕೊಟ್ಟೆ.

ಈಗ ಉಳಿದದ್ದು ಪರದೆಯ ಅಳತೆಯ ಪ್ರಶ್ನೆ. ಎದುರಿನ ಫೋಟೋ ಸ್ಟುಡಿಯೋದ ಬಸವರಾಜು, ಗ್ರಾಫಿಕ್ಸ್ ಕೆಲಸಕ್ಕೆ ಹದಿನೇಳು ಇಂಚು ಬಿಟ್ಟು ಬೇರೆ ಗತಿಯಿಲ್ಲ ಎಂದ. ಬಸ್ಸಿನಲ್ಲಿ ಓಡಾಡುವವನಿಗೆ ಹನ್ನೆರಡು ಇಂಚೇ ಹಿತ ಎಂದು ನನ್ನ ಸೊಂಟ ಹೇಳಿತು. ಗಿರಿಜೆ ಬೇಳೆ ಆರಿಸುತ್ತಾ ಕೂತಿದ್ದಳು.

"ಹೊರೋಕೆ ತಗೋತೀರೋ, ನೋಡೋಕೆ ತಗೋತೀರೋ?"

"ಎರಡಕ್ಕೂ."

"ಹಂಗಾದ್ರೆ ನಡುವಿನದು ಇಲ್ವಾ?"

"ಹದಿನೈದು ಇಂಚಿನದು ಇದೆ."

"ಅದನ್ನೇ ತಗೊಳ್ಳಿ ಮತ್ತೆ."

ಹೆಂಗಸರಿಗೆ ವಿಷಯದ ಗಾಂಭೀರ್ಯ ತಿಳಿಯುವುದಿಲ್ಲ. ನಡುವಿನದು ಎಂದರೆ ತೀರ್ಮಾನ ಮಾಡಲಾರದವರ ಅಳತೆ, ಕಸುಬು ಗೊತ್ತಿರುವವನು ಪರೀಕ್ಷೆ ಮಾಡಿ ಒಂದು ಕಡೆ ನಿಲ್ಲುತ್ತಾನೆ ಎಂದು ಅವಳಿಗೆ ವಿವರಿಸಿದೆ. ಅವಳು ಕಲ್ಲು ಆರಿಸಿ ಎಸೆದಳು.

ಪರೀಕ್ಷೆ ಹೀಗಿತ್ತು. ಹದಿನೇಳು ಇಂಚು ಅಗಲಕ್ಕೆ ಒಂದು ರಟ್ಟು, ಹನ್ನೆರಡು ಇಂಚು ಅಗಲಕ್ಕೆ ಒಂದು ರಟ್ಟು ಕತ್ತರಿಸಿದೆ. ಎತ್ತರ ಆಗಿನ ಟೀವಿಯ ಲೆಕ್ಕದಲ್ಲಿ, ಅಗಲ ನಾಲ್ಕಾದರೆ ಎತ್ತರ ಮೂರು. ತೂಕ ಬರಲೆಂದು ದೊಡ್ಡ ರಟ್ಟನ್ನು ಊಟದ ಮಣೆಗೆ ಬಿಗಿದು ಕಟ್ಟಿ, ಹುಲ್ಲಹಳ್ಳಿ ಬಸ್ಸು ಹತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಒಂದು ತುದಿ ಕಿಟಕಿಯಾಚೆ ಇಣುಕುತ್ತಿತ್ತು. ಇನ್ನೊಂದು ತುದಿ ಪಕ್ಕದ ಮುದುಕಿಯ ಪಕ್ಕೆಗೆ ತಿವಿಯುತ್ತಿತ್ತು.

"ಮಣೆ ಏಟಪ್ಪ?" ಎಂದಳು ಮುದುಕಿ.

"ಮಾರೋಕಲ್ಲ ಅಜ್ಜಿ, ಇದು ಲ್ಯಾಪ್‌ಟಾಪು."

ಕಂಡಕ್ಟರು ಬಗ್ಗಿ ನೋಡಿದ. "ರಟ್ಟು ಕಂಡಂಗದಲ್ಲ ಸಾ."

"ಸದ್ಯಕ್ಕೆ ರಟ್ಟು."

"ಲಗೇಜ್ ಟಿಕೆಟ್ ತಗೊಳಿ."

"ರಟ್ಟಿಗೆ ಯಾವ ಲಗೇಜ್ ರೀ?"

"ನೀವೇ ಏಳುದ್ರಲ್ಲ ಸಾ, ಲ್ಯಾಪ್‌ಟಾಪು ಅಂತ."

ಇಡೀ ಬಸ್ಸು ನಕ್ಕಿತು. ನಾನು ಲಗೇಜ್ ಟಿಕೆಟ್ ತೆಗೆದುಕೊಂಡೆ. ಜಗತ್ತಿನಲ್ಲಿ ಹೊಸದನ್ನು ಶೋಧಿಸಿದವರೆಲ್ಲ ಇಂಥದ್ದನ್ನು ಸಹಿಸಿಯೇ ಇರುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಬರುವಾಗ ಹನ್ನೆರಡು ಇಂಚಿನ ರಟ್ಟನ್ನು ಇಟ್ಟುಕೊಂಡು ಕೂತೆ. ಅದು ತೊಡೆಯ ಮೇಲೆ ಅಚ್ಚುಕಟ್ಟಾಗಿ ಕೂತಿತು, ಯಾರಿಗೂ ತಿವಿಯಲಿಲ್ಲ. ಮನೆಗೆ ಬಂದು ಅದರ ಮೇಲೆ ಹಳೆಯ ಲಗ್ನಪತ್ರಿಕೆಯೊಂದನ್ನು ಬಿಡಿಸಿಟ್ಟು ನೋಡಿದರೆ ಗಣಪತಿಯಿಂದ ಹಿಡಿದು ಕೊನೆಯ ಭಾವಮೈದುನನವರೆಗೆ ಎಲ್ಲರೂ ಹಿಡಿಸಿದರು. ಹನ್ನೆರಡೇ ಎಂದು ತೀರ್ಮಾನವಾಯಿತು.

ಮೈಸೂರಿನ ಕಂಪ್ಯೂಟರ್ ಅಂಗಡಿಯಲ್ಲಿ ಹನ್ನೆರಡೂ ಇರಲಿಲ್ಲ, ಹದಿನೇಳೂ ಇರಲಿಲ್ಲ, ಚಿತ್ರದ ಪುಸ್ತಕ ಮಾತ್ರ ಇತ್ತು. ಚಿತ್ರದಲ್ಲಿ ಎಲ್ಲವೂ ಒಂದೇ ಗಾತ್ರ. "ಗ್ರಾಫಿಕ್ಸ್‌ಗೆ ಹನ್ನೆರಡು ಸ್ವಲ್ಪ ಚಿಕ್ಕದಾಗಲ್ವಾ ಸಾರ್?" ಎಂದ ಅಂಗಡಿಯವನು. ದೊಡ್ಡದನ್ನು ಸಾಗಹಾಕುವ ಹುನ್ನಾರ ಇದು ಎಂದು ನನಗೆ ತಕ್ಷಣ ಗೊತ್ತಾಯಿತು. "ನಾನು ಬಸ್ಸಿನಲ್ಲಿ ಪರೀಕ್ಷೆ ಮಾಡಿ ಬಂದಿದ್ದೇನೆ," ಎಂದೆ. ಅವನು ತರಿಸಿಕೊಟ್ಟ.

ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದೆ. ಒಳಗಿನಿಂದ ಬಂದದ್ದನ್ನು ನೋಡಿ ಗಿರಿಜೆ, "ಇದರ ದೊಡ್ಡದು ಇನ್ನೂ ಒಳಗಿದ್ಯಾ?" ಎಂದಳು. ನಾನು ಟೇಪು ಹಿಡಿದೆ. ಅಗಲ ಹತ್ತು ಇಂಚು ಮತ್ತು ಚಿಲ್ಲರೆ. ಎತ್ತರ ಆರೂವರೆ. ಇನ್ನೊಂದು ಸಲ ಹಿಡಿದೆ. ಟೇಪು ಹಳೆಯದಿರಬಹುದೆಂದು ಪಕ್ಕದ ಟೈಲರ್ ಅಂಗಡಿಯ ಟೇಪು ತಂದು ಹಿಡಿದೆ. ಅದೂ ಹತ್ತು ಮತ್ತು ಚಿಲ್ಲರೆ. ಅಂಗಡಿಗೆ ಫೋನ್ ಮಾಡಿ ಕೂಗಾಡಿದೆ.

"ಸಾರ್, ಪರದೆಯನ್ನ ಮೂಲೆಯಿಂದ ಮೂಲೆಗೆ ಅಳೀತಾರೆ," ಎಂದ ಅವನು ತಣ್ಣಗೆ.

ಮೂಲೆಯಿಂದ ಮೂಲೆಗೆ! ಇದು ಯಾವ ದೇಶದ ನ್ಯಾಯ? ಸೀರೆಯನ್ನು ಹಾಗೆ ಅಳೆದು ಮಾರುತ್ತಾರೆಯೇ? ನನ್ನ ಮೂವತ್ತು ನಲವತ್ತರ ಸೈಟನ್ನು ಮೂಲೆಯಿಂದ ಮೂಲೆಗೆ ಅಳೆದರೆ ಐವತ್ತು ಅಡಿ ಬರುತ್ತದೆ, ಐವತ್ತಡಿ ಸೈಟು ಎಂದು ನಾನು ಊರಲ್ಲಿ ಹೇಳಿಕೊಂಡು ತಿರುಗಿದರೆ ಮರ್ಯಾದೆ ಉಳಿಯುತ್ತದೆಯೇ? ಆರಕ್ಕೆ ನಾಲ್ಕರ ಬ್ಯಾನರು ಕೇಳಿದವರಿಗೆ ನಾನು ಓರೆಯಾಗಿ ಅಳೆದು ಕೊಟ್ಟಿದ್ದರೆ ಇಷ್ಟು ಹೊತ್ತಿಗೆ ಅಂಗಡಿಗೆ ಬೀಗ ಬಿದ್ದಿರುತ್ತಿತ್ತು. ಇದನ್ನೆಲ್ಲ ಫೋನಿನಲ್ಲೇ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡು, ನನ್ನ ರಟ್ಟಿನ ಅಳತೆ ಎಷ್ಟಿತ್ತು ಎಂದು ವಿಚಾರಿಸಿದ. ಹನ್ನೆರಡು ಒಂಬತ್ತು ಎಂದೆ.

"ಹಾಗಾದ್ರೆ ನಿಮಗೆ ಬೇಕಾಗಿದ್ದದ್ದು ಹದಿನೈದು ಸಾರ್."

ಪೆಟ್ಟಿಗೆ ಬಿಚ್ಚಿದ್ದರಿಂದ ವಾಪಸ್ ಇಲ್ಲ ಎಂದೂ ಹೇಳಿದ. ಈ ಸಂಗತಿಯನ್ನು ಗಿರಿಜೆಯಿಂದ ಮುಚ್ಚಿಡಬಹುದಿತ್ತು. ಆದರೆ ಅವಳು ಪಕ್ಕದಲ್ಲೇ ನಿಂತಿದ್ದಳು. ಖಾಲಿ ಪೆಟ್ಟಿಗೆಯನ್ನು ಎತ್ತಿ ಅಟ್ಟಕ್ಕೆ ಹಾಕಿದಳು. ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು.

ಹೊರಡುವ ದಿನ ಅವಳು, "ಒಂದು ಕಾಗದದಲ್ಲೂ ತೆಗೆದಿಟ್ಕೊಳ್ಳಿ," ಎಂದಳು. ಲ್ಯಾಪ್‌ಟಾಪು ಕೊಂಡು ಕಾಗದ ಹಿಡಿದು ಹೋದರೆ ನೋಡಿದವರು ಏನಂದಾರು? ನಾನು ಸುತರಾಂ ಒಪ್ಪಲಿಲ್ಲ. ನರಸೀಪುರದಲ್ಲಿ ಬಸ್ಸು ಬದಲಿಸಿ ಬನ್ನೂರು ತಲುಪಿದೆವು. ದಾರಿಯುದ್ದಕ್ಕೂ ಅದು ತೊಡೆಯ ಮೇಲೆ ಮಗುವಿನಂತೆ ಮಲಗಿತ್ತು. ಹೊರುವ ವಿಷಯದಲ್ಲಿ ನನ್ನ ಆಯ್ಕೆಯನ್ನು ಯಾರೂ ಆಡಿಕೊಳ್ಳುವಂತಿಲ್ಲ, ಇದನ್ನು ಮಾತ್ರ ಓದುಗರು ದಯವಿಟ್ಟು ಗಮನಿಸಬೇಕು.

ದೊಡ್ಡಮಾವನ ಜಗಲಿಯ ಈ ತುದಿಗೆ ದೊಡ್ಡಮಾವ, ಆ ತುದಿಗೆ ಚಿಕ್ಕಮಾವ, ನಡುವೆ ನಾನು ಮತ್ತು ಗಿರಿಜೆ. ಇಬ್ಬರಿಗೂ ನೇರ ಮಾತಿಲ್ಲ, ಏನಿದ್ದರೂ ಗಿರಿಜೆಯ ಮೂಲಕ. ನಾನು ಪರದೆ ತೆರೆದೆ. ಅದು ನೇರ ಎದುರಿಗೆ ಕೂತವರಿಗೆ ಮಾತ್ರ ಕಾಣುವ ಜಾತಿ, ಪಕ್ಕದಿಂದ ನೋಡಿದರೆ ಬರೀ ಮಸಿ. ಎಂದರೆ ನನಗೊಬ್ಬನಿಗೆ ಕಾಣುತ್ತಿತ್ತು. ಅದನ್ನು ಮೊದಲು ಚಿಕ್ಕಮಾವನ ಕಡೆ ತಿರುಗಿಸಿದೆ.

ಪತ್ರಿಕೆ ಉದ್ದನೆಯದು. ಮೇಲೆ ಕರೆಯುವವನಾಗಿ ದೊಡ್ಡಮಾವನ ಹೆಸರು. ಕೆಳಗೆ 'ತಮ್ಮ ಸುಖಾಗಮನವನ್ನು ಬಯಸುವವರು' ಎಂಬಲ್ಲಿ ಮೊದಲನೆಯದು ಚಿಕ್ಕಮಾವನ ಹೆಸರು. ಓದುವಷ್ಟು ದಪ್ಪ ಮಾಡಿದರೆ ಪರದೆಯಲ್ಲಿ ಹಿಡಿಯುವುದು ಅರ್ಧ ಪತ್ರಿಕೆ.

"ನನ್ನೆಸ್ರು ಎಲ್ಲದೆ ಅಳಿಯಂದ್ರೆ?" ಎಂದ ಚಿಕ್ಕಮಾವ.

"ಕೆಳಗಿದೆ ಮಾವ, ತಾಳಿ." ಪತ್ರಿಕೆಯನ್ನು ಮೇಲಕ್ಕೆ ಜರುಗಿಸಿದೆ. ಅವನ ಹೆಸರು ಬಂತು. ಅವನ ಮುಖ ಅರಳಿತು. ಅಷ್ಟರಲ್ಲಿ ದೊಡ್ಡಮಾವ ಎದ್ದು ಬಂದು ತಮ್ಮನ ಬೆನ್ನ ಹಿಂದಿನಿಂದ ಬಗ್ಗಿ ನೋಡಿದ.

"ಗಿರಿಜಾ, ನನ್ ಮಗಳ ಮದ್ವೆ ಪತ್ರಿಕೇಲಿ ನನ್ನೆಸ್ರೇ ಇಲ್ವಲ್ಲವ್ವ?"

"ಇದೆ ಮಾವ, ಮೇಲೆ ಹೋಗಿದೆ," ಎಂದೆ ನಾನು.

"ಈಗ ಸರಿಯಾಗದೆ. ಇಂಗೇ ಇರ್ಲಿ ಅನ್ನವ್ವ ನಿಮ್ಮ ದೊಡ್ಡಮಾವಂಗೆ," ಎಂದ ಚಿಕ್ಕಮಾವ.

ನಾನು ಗಾಬರಿಯಿಂದ ಪತ್ರಿಕೆಯನ್ನು ಕೆಳಕ್ಕೆ ಜರುಗಿಸಿದೆ. ದೊಡ್ಡಮಾವ ಬಂದ, ಚಿಕ್ಕಮಾವ ಮಾಯವಾದ. "ನೋಡವ್ವ, ಅವ್ರು ಬಂದೇಟ್ಗೆ ನನ್ನ ತಗದ್ಬುಟ್ರು," ಎಂದು ಚಿಕ್ಕಮಾವ ಹೆಗಲ ಮೇಲಿನ ಟವೆಲು ಕೊಡವಿದ. ಮತ್ತೆ ಮೇಲಕ್ಕೆ ಜರುಗಿಸಿದೆ. ಚಿಕ್ಕಮಾವ ಬಂದ, ದೊಡ್ಡಮಾವ ಹೋದ. ಒಂದು ಮನೆಯಲ್ಲಿ ಇಬ್ಬರೂ ಇರಲು ಸಾಧ್ಯವಿಲ್ಲ ಎಂದು ವರ್ಷಗಳಿಂದ ಅವರು ವಾದಿಸುತ್ತಿದ್ದರು. ನನ್ನ ಲ್ಯಾಪ್‌ಟಾಪು ಅದನ್ನೇ ಸಾಬೀತು ಮಾಡುತ್ತಿತ್ತು!

"ಇಬ್ರನ್ನೂ ಒಟ್ಟಿಗೆ ತೋರ್ಸಿ ರೀ," ಎಂದಳು ಗಿರಿಜೆ.

ಇಡೀ ಪತ್ರಿಕೆಯನ್ನು ಕುಗ್ಗಿಸಿದೆ. ಅದು ಬೆಂಕಿಪೊಟ್ಟಣದ ಚೀಟಿಯಷ್ಟಾಯಿತು. ಅಕ್ಷರಗಳು ಇರುವೆ ಸಾಲಿನಂತೆ ಕಂಡವು. ದೊಡ್ಡಮಾವ ಕನ್ನಡಕ ತರಿಸಿ ಹಾಕಿಕೊಂಡು ನೋಡಿ, ಅದನ್ನು ಕಳಚಿ ಗಿರಿಜೆಯ ಕೈಗೆ ಕೊಟ್ಟ. ಗಿರಿಜೆ ಅದನ್ನು ಚಿಕ್ಕಮಾವನಿಗೆ ಕೊಟ್ಟಳು. ಅವನೂ ನೋಡಿ ವಾಪಸ್ ಕೊಟ್ಟ.

"ಇಲ್ಲಿರೋ ಸಾಲು ನೀವು, ಅಲ್ಲಿರೋ ಸಾಲು ನೀವು," ಎಂದು ಬೆರಳಿಟ್ಟು ತೋರಿಸಿದೆ.

"ನಿಮ್ಮ ಬೆಳ್ಳು ನಂಬ್ಕಂಡು ಊರಿಗೆಲ್ಲ ಪತ್ರಿಕೆ ಅಂಚಕಾದದಾ?" ಎಂದ ದೊಡ್ಡಮಾವ.

ಆಗ ನಾನು ಬುದ್ಧಿವಂತಿಕೆ ಮಾಡಿದೆ. ಚಿಕ್ಕಮಾವನ ಹೆಸರನ್ನು ಹಿಡಿದೆಳೆದು ದೊಡ್ಡಮಾವನ ಹೆಸರಿನ ಕೆಳಗೇ ತಂದು ಕೂರಿಸಿಬಿಟ್ಟರೆ ಇಬ್ಬರೂ ಒಟ್ಟಿಗೆ ಕಾಣುತ್ತಾರಲ್ಲ! ಕೀಲಿಮಣೆಯ ಕೆಳಗೆ ಬೆರಳಾಡಿಸಲು ಇದ್ದ ಜಾಗ ಎರಡು ಬೆರಳಗಲ. ನನ್ನ ಬೆರಳು ಜಾರಿತು. ಎದ್ದದ್ದು ಚಿಕ್ಕಮಾವನ ಹೆಸರಲ್ಲ, ಮದುವೆ ಗಂಡಿನ ಹೆಸರು. ಅದು ಹಾರಿ ಹೋಗಿ ಮೇಲಿದ್ದ ನಂದಿ ಬಸವಣ್ಣನ ಚಿತ್ರದ ಬೆನ್ನಿನ ಮೇಲೆ ಕೂತಿತು. ವಾಪಸ್ ಎಳೆಯಲು ಹೋದೆ. ಗಂಡು ಪತ್ರಿಕೆಯಿಂದಲೇ ಆಚೆ ಹೋದ.

"ಗಂಡೆಲ್ಲಿ?" ಎಂದ ದೊಡ್ಡಮಾವ.

"ಬರ್ತಾನೆ ಮಾವ, ಇಲ್ಲೇ ಎಲ್ಲೋ ಇದ್ದಾನೆ."

ಗಿರಿಜೆ ನನ್ನನ್ನು ನೋಡಿದ ನೋಟವನ್ನು ನಾನಿಲ್ಲಿ ವರ್ಣಿಸಲಾರೆ. ಎರಡು ಬಾಗಿಲಿಗೂ ಅಲೆದು ಅವಳು ಹೊಂದಿಸಿದ್ದನ್ನು ನಾನು ಎರಡು ಬೆರಳಿನಲ್ಲಿ ಕೆಡಿಸಿದ್ದೆ, ಅದು ನನಗೂ ಗೊತ್ತಿತ್ತು. ಚಿಕ್ಕಮಾವ ಎದ್ದ. ಚಪ್ಪಲಿ ಮೆಟ್ಟಿದ. ಎಲ್ಲ ಮುಗಿಯಿತು ಎಂದುಕೊಂಡೆ. ಆತ ಅಂಗಳಕ್ಕೆ ಇಳಿದವನು ತಿರುಗಿ ನಿಂತು, ಗಿರಿಜೆಯ ಕಡೆ ನೋಡದೆ ನೇರ ಅಣ್ಣನಿಗೇ ಹೇಳಿದ.

"ಅಣ್ಣ, ಏಳು. ಈವಯ್ಯನ ನೆಚ್ಕಂಡ್ರೆ ಮದ್ವೆ ಆದಂಗೆ. ನರಸೀಪುರದ ಪ್ರೆಸ್ಸಿಗೆ ಓಗವ."

ದೊಡ್ಡಮಾವ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ. "ಊಂ ಕಣ್ಲಾ ನಂಜ, ನನಗೂ ಅಂಗೇ ಅನ್ನುಸ್ತು. ಗಾಡಿ ತಗಿ."

ಇಬ್ಬರೂ ಒಂದೇ ಮೊಪೆಡ್ಡಿನಲ್ಲಿ ಹೊರಟುಹೋದರು. ತಮ್ಮ ಓಡಿಸಿದ, ಅಣ್ಣ ಅವನ ಹೆಗಲು ಹಿಡಿದು ಹಿಂದೆ ಕೂತ. ಗಿರಿಜೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನೋಡಿದ್ರಾ, ಅಣ್ಣ ಅಂದ್ರು," ಎಂದಳು. ಸುಳ್ಳು ಹೇಳುವುದಿಲ್ಲ, ನನಗೂ ಸಂತೋಷವಾಯಿತು. ಆದರೆ ಅವಮಾನ ಅದಕ್ಕಿಂತ ಎರಡು ಇಂಚು ದೊಡ್ಡದಿತ್ತು. ಒಬ್ಬನಾದರೂ ಆ ಹನ್ನೆರಡು ಇಂಚಿಗೆ ಕೃತಜ್ಞತೆ ಹೇಳಬೇಡವೇ? ಹದಿನೈದು ಇಂಚಿನಲ್ಲಿ ಎಲ್ಲವೂ ನೆಟ್ಟಗೆ ಕಂಡಿದ್ದರೆ ಇಬ್ಬರೂ ಹೂಂ ಅಂದು ಅವರವರ ಬಾಗಿಲಿಗೆ ಹೋಗುತ್ತಿದ್ದರು. ಈ ವಾದವನ್ನು ಗಿರಿಜೆಯ ಮುಂದೆ ಬಸ್ಸಿನಲ್ಲಿ ಮಂಡಿಸಿದೆ. ಅವಳು ಕಿಟಕಿಯಾಚೆ ಭತ್ತದ ಗದ್ದೆ ನೋಡುತ್ತಾ ಬಂದಳು.

ಕೆಲವು ದಿನಗಳಾದ ಮೇಲೆ ಮಾವಂದಿರಿಬ್ಬರೂ ಜೊತೆಯಾಗಿ ನಮ್ಮ ಮನೆಗೆ ಬಂದರು. ಗಿರಿಜೆಗೆ ಕುಂಕುಮ ಇಟ್ಟು, ಪತ್ರಿಕೆ ಕೈಗಿತ್ತು, ಕಾಫಿ ಕುಡಿದು, ನನಗೆ "ಚೆನ್ನಾಗಿದ್ದೀರಾ" ಎಂದು ಹೋದರು. ಅವರು ಹೋದ ಮೇಲೆ ಪತ್ರಿಕೆಯನ್ನು ಕಿತ್ತುಕೊಂಡು ತಪ್ಪು ಹುಡುಕಿದೆ. ಸಾಲುಗಳು ಸೊಟ್ಟಗಿದ್ದವು. ಬಣ್ಣ ಹಬ್ಬಿಕೊಂಡಿತ್ತು. ಆದರೆ ಇಬ್ಬರ ಹೆಸರೂ ಇತ್ತು, ಗಂಡೂ ಇದ್ದ. ಆಮೇಲೆ ಕವರಿನ ಮೇಲೆ ಕಣ್ಣು ಹೋಯಿತು. ದೊಡ್ಡಮಾವನ ಕೈಬರಹದಲ್ಲಿ 'ಶ್ರೀಮತಿ ಗಿರಿಜಾ ಮತ್ತು ಕುಟುಂಬದವರಿಗೆ' ಎಂದು ಬರೆದಿತ್ತು.

"ನನ್ನ ಹೆಸರು?" ಎಂದೆ.

"ಕುಟುಂಬದವ್ರಿಗೆ ಅಂತ ಹಾಕಿದ್ದಾರಲ್ಲ."

"ಈ ಮನೇಲಿರೋದೇ ನಾವಿಬ್ಬರು ಕಣೇ. ಕುಟುಂಬ ಅಂದ್ರೆ ಯಾರು?"

"ನೀವೇ," ಎಂದಳು ಗಿರಿಜೆ, ಕವರನ್ನು ನನ್ನ ಕೈಯಿಂದ ತೆಗೆದುಕೊಂಡು ದೇವರ ಮುಂದೆ ಇಡುತ್ತಾ.

ಮದುವೆಯ ದಿನ ನಾನು ಕುಟುಂಬವಾಗಿ ಬನ್ನೂರಿಗೆ ಹೋಗಿ, ಉಂಡು ಬಂದೆ.