ಹಂಚಿಗೆ ಸೂಟಿ

ಹಬ್ಬಕ್ಕೆ ರಜೆ ಎನ್ನುವ ಮಾತನ್ನು ಯಾರು ಹುಟ್ಟಿಸಿದರೋ ಗೊತ್ತಿಲ್ಲ, ಹೆಂಗಸಂತೂ ಆಗಿರಲಿಕ್ಕಿಲ್ಲ. ಹಬ್ಬ ಬಂತೆಂದರೆ ಮನೆಯಲ್ಲಿ ಎಲ್ಲರೂ ಬಿಸಿಲು ಏರುವ ತನಕ ಮಲಗುತ್ತಾರೆ, ನಾನು ಮಾತ್ರ ಎಂದಿಗಿಂತ ಒಂದು ತಾಸು ಮೊದಲೇ ಏಳುತ್ತೇನೆ. ಹಬ್ಬ ದೊಡ್ಡದಾದಷ್ಟೂ ನನ್ನ ಸೊಂಟ ಹೆಚ್ಚು ನೋಯುತ್ತದೆ. ಸೊಂಟ ಎಲ್ಲಿ ಹಿಡಿದಿದೆ ಎನ್ನುವುದರ ಮೇಲೆ ಯಾವ ಹಬ್ಬ ಎಂದು ಹೇಳಬಲ್ಲೆ. ಎಡಕ್ಕೆ ಹಿಡಿದರೆ ಯುಗಾದಿಯ ಹೋಳಿಗೆ, ಬಲಕ್ಕೆ ಹಿಡಿದರೆ ದೀಪಾವಳಿಯ ಚಕ್ಕುಲಿ. ಎರಡೂ ಕಡೆ ಹಿಡಿದರೆ ಹಬ್ಬದ ಜೊತೆಗೆ ನೆಂಟರೂ ಬಂದಿದ್ದಾರೆ ಎಂದು ಅರ್ಥ.

ನಾನು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಜೋಳದ ರೊಟ್ಟಿ ಬಡಿದು ಮನೆಮನೆಗೆ ಕೊಡುವವಳು. ಬಾಗಲಕೋಟೆ ಕಡೆಯವಳು, ಕಲಿತದ್ದು ಎರಡನೆಯ ಇಯತ್ತೆ. ಇದನ್ನು ಕೂಡ ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನ ಮೇಲೆ ಬರೆಯುತ್ತಿದ್ದೇನೆ. ಒತ್ತಕ್ಷರ ಎಲ್ಲಾದರೂ ಬಿದ್ದುಹೋಗಿದ್ದರೆ ಓದುವವರೇ ಎತ್ತಿಕೊಳ್ಳಬೇಕು. ಗಂಡ ಕೆಲಸ ಬಿಟ್ಟು ಮನೆಯಲ್ಲಿ ಕೂತಾಗ ಈ ರೊಟ್ಟಿಯ ಕೆಲಸ ಶುರು ಮಾಡಿದೆ. ಆತ ಹೋದ, ಹಂಚು ಉಳಿಯಿತು.

ಆ ಹಂಚಿಗೆ ವರ್ಷದಲ್ಲಿ ಒಂದೇ ಒಂದು ದಿನ ಸೂಟಿ. ನಮ್ಮ ಕಡೆ ರಜೆಗೆ ಸೂಟಿ ಎನ್ನುತ್ತೇವೆ. ಆ ದಿನ ನಾಗರ ಪಂಚಮಿ. ಅಂದು ಒಲೆಯ ಮೇಲೆ ಹಂಚು ಇಡಬಾರದು, ಕರಿಯಬಾರದು, ಹೆಚ್ಚಬಾರದು. ಹಿಂದಿನ ದಿನವೇ ಕಡಕ್ ರೊಟ್ಟಿ ಬಡಿದು, ಉಂಡಿ ಕಟ್ಟಿಟ್ಟು, ಪಂಚಮಿಯ ದಿನ ಕಾಲು ಚಾಚಿ ಕೂತು ತಿನ್ನುವುದು ಪದ್ಧತಿ. ಎದುರುಮನೆಯ ಮರಾಠಿ ಹೆಂಗಸೂ ಅಂದು ತವಾ ಮುಟ್ಟುವುದಿಲ್ಲ, ಹಬೆಯಲ್ಲೇ ಏನೋ ಬೇಯಿಸಿಕೊಳ್ಳುತ್ತಾಳೆ. ಹಂಚು ಕಾದರೆ ನಾಗಪ್ಪನಿಗೆ ಸುಡುತ್ತದಂತೆ. ನಮ್ಮ ಕಟ್ಟಡದ ನಾಲ್ಕನೆಯ ಮಾಳಿಗೆಗೆ ಯಾವ ನಾಗಪ್ಪ ಹತ್ತಿ ಬರುತ್ತಾನೆ? ಲಿಫ್ಟು ಕೆಟ್ಟರೆ ಮನುಷ್ಯರೇ ಬರುವುದಿಲ್ಲ. ಆದರೂ ನಾನು ವಾದಕ್ಕೆ ಹೋಗುವುದಿಲ್ಲ. ಅಷ್ಟು ಕೋಟಿ ದೇವರಲ್ಲಿ ನನ್ನ ಬೆನ್ನಿನ ಚಿಂತೆ ಮಾಡಿದವನು ಅವನೊಬ್ಬನೇ.

ಈ ಸೂಟಿಯ ಲೆಕ್ಕ ಈ ವರ್ಷ ತಪ್ಪಿಹೋಗುವುದರಲ್ಲಿತ್ತು. ತಪ್ಪಿಸಹೊರಟವಳು ನನ್ನ ಸೊಸೆ ದೀಪಾ. ಮೈಸೂರಿನವಳು, ಐರೋಲಿಯ ಕಂಪನಿಯೊಂದರಲ್ಲಿ ಕೆಲಸ. ವಾರದಲ್ಲಿ ಮೂರು ದಿನ ಠಾಣೆಯಲ್ಲಿ ಲೋಕಲ್ ಗಾಡಿ ಬದಲಿಸಿ ಆಫೀಸಿಗೆ ಹೋಗುತ್ತಾಳೆ, ಎರಡು ದಿನ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಾಳೆ. ನನ್ನ ರೊಟ್ಟಿಯ ಸದ್ದು ಅವಳ ಮೀಟಿಂಗಿನಲ್ಲಿ ಎಲ್ಲರಿಗೂ ಕೇಳುತ್ತದೆ. ನಿಮ್ಮ ಮನೆಯಲ್ಲಿ ಯಾರಾದರೂ ತಬಲಾ ಕಲಿಯುತ್ತಿದ್ದಾರಾ ಎಂದು ಅವಳ ಸಾಹೇಬ ಒಮ್ಮೆ ಕೇಳಿದ್ದನಂತೆ. ಥಾಮಸ್ ಎಂದು ಅವನ ಹೆಸರು, ಕೇರಳದವನು.

ಅವಳ ಕೆಲಸ ಏನು ಎಂದು ನಾನು ಬಹಳ ದಿನ ಕೇಳಿರಲಿಲ್ಲ. ಕೇಳಿದ ದಿನ ನಂಬಲಿಲ್ಲ.

“ಬೇರೆ ಬೇರೆ ದೇಶದ ಕಂಪನಿಗಳಿಗೆ ಯಾವ ಹಬ್ಬ ಯಾವತ್ತು ಬರುತ್ತೆ, ಯಾವತ್ತು ರಜೆ ಕೊಡ್ಬೇಕು ಅಂತ ಮೊದಲೇ ಹೇಳೋ ಸಾಫ್ಟ್‌ವೇರ್ ಮಾಡ್ತಿದೀವಿ ಅತ್ತೆ” ಎಂದಳು.

“ಅದಕ್ಕ ಎಷ್ಟ ಮಂದಿ?”

“ಹನ್ನೊಂದು ಜನ.”

“ಹನ್ನೊಂದ ಮಂದಿ ಕೂಡಿ ಸೂಟಿ ಹುಡುಕತೀರಿ. ನಿಮ್ಮ ಸಾಹೇಬಗ ಗೊತ್ತೈತೇನು?”

“ಅವರೇ ಹೇಳಿರೋದು ಅತ್ತೆ!”

ಅಂದಿನಿಂದ ನಾನೂ ಆ ಕಂಪನಿಯ ಹನ್ನೆರಡನೆಯವಳಾದೆ. ಅವಳು ಅನುಮಾನ ಬಂದಾಗೆಲ್ಲ ಕೇಳುತ್ತಾಳೆ, ನಾನು ಹಿಟ್ಟಿನ ಕೈಯಲ್ಲೇ ಗೋಡೆಯ ಕ್ಯಾಲೆಂಡರ್ ತಿರುವಿ ಹೇಳುತ್ತೇನೆ. ಇಲ್ಲಿಯ ಕಿರಾಣಿ ಅಂಗಡಿಯವರು ಪ್ರತಿವರ್ಷ ಕೊಡುವ ಕನ್ನಡ ಕ್ಯಾಲೆಂಡರ್ ಅದು. ಹಾಗೆ ಕೇಳುತ್ತ ಹೇಳುತ್ತ ನನಗೂ ಒಂದಿಷ್ಟು ಬುದ್ಧಿ ಬಂತು. ಕ್ರೈಸ್ತರ ಈಸ್ಟರ್ ಎನ್ನುವುದು ಹುಣ್ಣಿಮೆ ನೋಡಿಕೊಂಡು, ಅದರ ಮುಂದಿನ ಭಾನುವಾರ ಬರುತ್ತದಂತೆ. ಅವರಿಗೂ ಹುಣ್ಣಿಮೆ ಬೇಕು ಎಂದು ಗೊತ್ತಾದ ದಿನ ನನಗೆ ಥಾಮಸನ ಮೇಲೆ ಒಂದು ತರಹದ ಬಳಗದ ಪ್ರೀತಿ ಹುಟ್ಟಿತು. ಈದ್ ಹಬ್ಬದ್ದು ಇನ್ನೂ ಚೆಂದ. ಚಂದ್ರ ಕಣ್ಣಿಗೆ ಬಿದ್ದ ಮೇಲೆಯೇ ಹಬ್ಬ. ದೀಪಾಳ ಯಂತ್ರ ಎಷ್ಟೇ ಜಾಣ ಇದ್ದರೂ ಅಲ್ಲಿ ‘ಬಹುಶಃ’ ಎಂದು ಬರೆದು ಸುಮ್ಮನಾಗುತ್ತದೆ. ನಮ್ಮ ಕಟ್ಟಡದ ಕೆಳಗಿನ ಟೇಲರ್ ಚಾಚಾ ಮಾತ್ರ ತಾರಸಿಗೆ ಹತ್ತಿ, ಹೊಸದಾಗಿ ಎದ್ದ ಇಪ್ಪತ್ತು ಮಾಳಿಗೆಯ ಟವರಿಗೆ ಶಾಪ ಹಾಕುತ್ತ ಚಂದ್ರನನ್ನು ಹುಡುಕುತ್ತಾನೆ.

ಉತ್ತರ ಭಾರತದ ಕಡೆಯ ಹಾಲಿನ ಭೈಯಾನ ಮೇಲೆ ನನಗೆ ಎಷ್ಟೋ ವರ್ಷದ ಸಿಟ್ಟಿತ್ತು. ನಮಗೆ ಇನ್ನೂ ಆಷಾಢ ನಡೆದಿರುವಾಗಲೇ ಅವನು ಶ್ರಾವಣ ಬಂತೆಂದು ಗಡ್ಡ ಬಿಟ್ಟು, ಸೋಮವಾರದ ಉಪವಾಸ ಹಿಡಿದುಬಿಡುತ್ತಿದ್ದ. ನಾಷ್ಟಾ ಕೊಟ್ಟರೆ ಮುಟ್ಟುತ್ತಿರಲಿಲ್ಲ. ಅಷ್ಟು ಅವಸರ ಯಾಕೆ, ದೇವರು ಎಲ್ಲಿಗೆ ಓಡಿಹೋಗುತ್ತಾನೆ ಎಂದು ನಾನು ಬೈಯುತ್ತಿದ್ದೆ. ದೀಪಾ ಹೇಳಿದಳು, ಅವರ ಕಡೆ ತಿಂಗಳು ಹುಣ್ಣಿಮೆಗೆ ಮುಗಿಯುತ್ತದಂತೆ, ನಮ್ಮದು ಅಮಾವಾಸ್ಯೆಗೆ. ಹಾಗಾಗಿ ಅವನ ಶ್ರಾವಣ ಹದಿನೈದು ದಿನ ಮುಂದೆ. ಇಷ್ಟು ವರ್ಷ ಬೈದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲವಾದ್ದರಿಂದ ಒಂದು ದಿನ ಚಹಾದಲ್ಲಿ ಎರಡು ಚಮಚ ಸಕ್ಕರೆ ಹೆಚ್ಚಿಗೆ ಹಾಕಿಕೊಟ್ಟೆ. ಅವನು ತನಗೆ ಸಕ್ಕರೆ ಕಾಯಿಲೆ ಎಂದ. ಕ್ಷಮೆ ಕೇಳುವ ಅಭ್ಯಾಸವಿಲ್ಲದವರು ಕೇಳಬಾರದು.

ಅಧಿಕ ಮಾಸ ಬಂದಾಗಲಂತೂ ಥಾಮಸ್ ಮೀಟಿಂಗಿನಲ್ಲಿ ಗಾಬರಿಯಾದ. ಈ ವರ್ಷಕ್ಕೆ ಹದಿಮೂರು ತಿಂಗಳು ಕಾಣಿಸುತ್ತಿದೆ, ಇದು ಬಗ್ಗು, ತೆಗೆದುಹಾಕಿ ಎಂದನಂತೆ. ಬಗ್ಗು ಎಂದರೆ ತಪ್ಪು. ನಾನು ಹಿಂದಿನಿಂದಲೇ ಕೂಗಿ ಹೇಳಿದೆ, “ತಗೀಬ್ಯಾಡ ಅಂತ ಹೇಳವಾ! ಅದು ಅಳಿಯಗ ಅನಾರಸಾದ ಸಿಹಿ ಕೊಡೂ ತಿಂಗಳು. ತಗದ್ರ ಈ ಊರಾಗಿನ ಅಳಿಯಂದಿರೆಲ್ಲಾ ಬಂದು ನಿಮ್ಮ ಆಫೀಸ್ ಮುಂದ ಕೂಡತಾರ.” ತಿಂಗಳು ಉಳಿಯಿತು.

ಹೀಗೆ ಎಲ್ಲ ಸರಿ ನಡೆದಿರುವಾಗ ಒಂದು ಸೋಮವಾರ ದೀಪಾ ನಗುತ್ತ ಬಂದಳು. “ಅತ್ತೆ, ಹಬ್ಬಗಳ ಪಟ್ಟಿ ಬುಧವಾರ ಕಳಿಸ್ಬೇಕು. ಅದರ ಪ್ರಕಾರ ಈ ಶುಕ್ರವಾರವೇ ನಾಗರ ಪಂಚಮಿ. ಹಬ್ಬದ ರಜೆ ಹಾಕಿದೀನಿ, ಮನೇಲೇ ಇರ್ತೀನಿ.”

ನಾನು ಗೋಡೆ ನೋಡಿದೆ. “ಕ್ಯಾಲೆಂಡರಿನ್ಯಾಗ ಶನಿವಾರ ಐತಲ್ಲ?”

“ಪ್ರಿಂಟ್ ತಪ್ಪಿರ್ಬೇಕು. ನಮ್ದು ಚಂದ್ರನ ಲೆಕ್ಕ, ಸೆಕೆಂಡ್ ಸೆಕೆಂಡಿಗೂ ಕರೆಕ್ಟು.”

ಇಲ್ಲಿ ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕು. ಗಂಟು ಎಲ್ಲಿದೆ ಎಂದು ನನಗೆ ಆ ಕ್ಷಣವೇ ಅನುಮಾನ ಬಂದಿತ್ತು. ಹಿಂದೆ ಒಮ್ಮೆ ನನ್ನ ತಂಗಿಯ ಊರಿನಲ್ಲಿ ಅಮಾವಾಸ್ಯೆ ಒಂದು ದಿನ, ಇಲ್ಲಿ ಇನ್ನೊಂದು ದಿನ ಬಂದಾಗ ಪಂಚಾಂಗ ನೋಡುವ ನಮ್ಮ ಐನಾರು ಬಿಡಿಸಿ ಹೇಳಿದ್ದರು. ಬೆಳಗಾಗುವಾಗ ಯಾವ ತಿಥಿ ಇರುತ್ತದೋ ಇಡೀ ದಿನಕ್ಕೆ ಅದೇ ತಿಥಿ, ಅದಕ್ಕೆ ಆಯಾ ಊರಿನ ಸೂರ್ಯ ಬೇಕು ಎಂದು. ಆದರೆ ನಾನು ಬಾಯಿ ಬಿಡಲಿಲ್ಲ. ಯಾಕೆಂದರೆ ಒಳಗೊಳಗೇ ಇನ್ನೊಂದು ಲೆಕ್ಕ ನಡೆದಿತ್ತು. ಯಂತ್ರದ ಪಂಚಮಿ ಶುಕ್ರವಾರ, ಗೋಡೆಯ ಪಂಚಮಿ ಶನಿವಾರ. ಯಾವುದು ಸರಿ ಎಂದು ತಿಳಿಯದ ಪಾಪದ ಮುದುಕಿ ಏನು ಮಾಡಬೇಕು? ಎರಡೂ ದಿನ ಹಂಚು ಮುಟ್ಟಬಾರದು! ಮೇಲಾಗಿ ಸೊಸೆಯೂ ಮನೆಯಲ್ಲಿ. ನಾಗಪ್ಪ ಇಷ್ಟು ವರ್ಷದ ಬಾಕಿಯನ್ನು ಒಟ್ಟಿಗೆ ತೀರಿಸುತ್ತಿದ್ದಾನೆ ಎಂದುಕೊಂಡೆ. ಅಂದು ಮಧ್ಯಾಹ್ನ ರೊಟ್ಟಿ ಬಡಿಯುವಾಗ ಹಾಡು ಕೂಡ ಹೇಳಿದೆನಂತೆ. ಎದುರುಮನೆಯವಳು ಬಂದು ಆರಾಮ ಇದ್ದೀರಾ ಎಂದು ಕೇಳಿ ಹೋದಳು.

ಮಂಗಳವಾರ ಸಂಜೆಯ ಹೊತ್ತಿಗೆ ದೀಪಾಳ ಮುಖ ಇಳಿದಿತ್ತು. ಇಂಟರ್‌ನೆಟ್ಟಿನಲ್ಲಿ ಕೆಲವು ಕಡೆ ಶುಕ್ರವಾರ, ಕೆಲವು ಕಡೆ ಶನಿವಾರ ಇದೆಯಂತೆ. ಹಬ್ಬಗಳ ಲೆಕ್ಕ ಪೂರ್ತಿ ಇವಳ ಪಾಲಿನ ಕೆಲಸ. ಒಂದು ತಪ್ಪು ಸಿಕ್ಕರೆ ಗಿರಾಕಿಗಳು ಇಡೀ ಪಟ್ಟಿಯನ್ನೇ ನಂಬುವುದಿಲ್ಲ, ಎರಡು ವರ್ಷದ ದುಡಿಮೆ ನೀರಿಗೆ ಹೋಯಿತು ಎಂದು ಕೂತುಬಿಟ್ಟಿದ್ದಳು. ನನ್ನ ಮಗ ಮಹೇಶ ಉಲ್ಹಾಸನಗರದಲ್ಲಿ ಗುಂಡಿ, ಝಿಪ್ಪು ಮಾರುವವನು. “ಹೋಗ್ಲಿ ಬಿಡ, ಒಂದ ದಿನಾ ಹಿಂದ ಮುಂದ ಆದ್ರ ಯಾರೂ ಸಾಯೂದಿಲ್ಲ” ಎಂದು ಸಮಾಧಾನ ಹೇಳಿ ಬೈಸಿಕೊಂಡ. ಅವಳ ತಟ್ಟೆಯಲ್ಲಿ ನಾನು ಹಾಕಿದ ಬಿಸಿ ರೊಟ್ಟಿ ಹಾಗೇ ಇತ್ತು. ಮೊದಲು ಅದರ ಉಬ್ಬು ಇಳಿಯಿತು, ಆಮೇಲೆ ಅಂಚು ಬಿರುಸಾಯಿತು, ಆಮೇಲೆ ಮೇಲಿನ ಬೆಣ್ಣೆ ಹೆಪ್ಪುಗಟ್ಟಿತು.

ನಾನು ಬಹಳ ಕರಗುವ ಹೆಂಗಸಲ್ಲ. ಸೊಸೆ ಅತ್ತರೂ ನೋಡಿಕೊಂಡು ಸುಮ್ಮನಿರಬಲ್ಲೆ. ಆದರೆ ಕಣ್ಣೆದುರಿಗೆ ನನ್ನ ರೊಟ್ಟಿ ತಣ್ಣಗಾಗುವುದನ್ನು ನೋಡಲಿಕ್ಕಾಗುವುದಿಲ್ಲ. ಒಂದು ದಿನದ ಸೂಟಿಯನ್ನು ಮನಸ್ಸಿನಲ್ಲೇ ಬಿಟ್ಟುಕೊಟ್ಟು ಕೇಳಿದೆ.

“ದೀಪಾ, ನಿನ್ನ ಯಂತ್ರದಾಗ ಸೂರ್ಯಾ ಯಾವ ಊರಿಂದು?”

“ಸೂರ್ಯ ಸೂರ್ಯನೇ ಅಲ್ವಾ ಅತ್ತೆ.”

“ಹುಚ್ಚಿ. ಚಂದ್ರನ ಲೆಕ್ಕಾ ಬರೋಬರಿ ಹಿಡದೀ, ಖರೆ. ಬೆಳಗಾಗೂದು ಎಲ್ಲೀದು ಹಿಡದೀ? ಡೊಂಬಿವಲಿದೋ, ಮತ್ತೊಂದ ಊರಿಂದೋ?”

ಅವಳು ನನ್ನನ್ನು ನೋಡಿದಳು, ಲ್ಯಾಪ್‌ಟಾಪ್ ನೋಡಿದಳು, ಟಕಟಕ ಒತ್ತಿದಳು. ಆಮೇಲೆ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡು “ಅಯ್ಯೋ ಅತ್ತೆ!” ಎಂದಳು. ಯಂತ್ರದಲ್ಲಿ ಇದ್ದದ್ದು ಅವರ ಹೆಡ್ ಆಫೀಸಿನ ಊರಿನ ಸೂರ್ಯ. ಅದು ಯಾವುದೋ ದೂರದ ದೇಶ. ನಾನು ಬೆಳಗಿನ ಎಲ್ಲ ರೊಟ್ಟಿ ಬಡಿದು ಮುಗಿಸಿ, ಚಹಾ ಕುಡಿಯಲು ಕೂತಾಗ ಅಲ್ಲಿ ಬೆಳಗಾಗುತ್ತದಂತೆ. ಶುಕ್ರವಾರ ನಮ್ಮ ಸೂರ್ಯ ಹುಟ್ಟುವಾಗ ಇನ್ನೂ ಚೌತಿ. ಆಮೇಲೆ ಪಂಚಮಿ ಹತ್ತುತ್ತದೆ, ಅವರ ಸೂರ್ಯ ಎದ್ದು ನೋಡುವಷ್ಟರಲ್ಲಿ ಪಂಚಮಿ ಬಂದು ಕೂತಿರುತ್ತದೆ. ಅದಕ್ಕೇ ಅವರಿಗೆ ಶುಕ್ರವಾರ, ನಮಗೆ ಶನಿವಾರ. ಹಬ್ಬ ಮಾಡುವವರು ನಾವು, ತಡವಾಗಿ ಏಳುವವನು ಅವರ ಸೂರ್ಯ.

ದೀಪಾ ಊರೂರಿಗೆ ಬೇರೆ ಬೇರೆ ಸೂರ್ಯನನ್ನು ಹಾಕಿ, ಆ ತಣ್ಣಗಿನ ರೊಟ್ಟಿಯನ್ನೇ ತಿಂದು, ಇನ್ನೆರಡು ಬೇಡಿದಳು. ಪಟ್ಟಿ ಬುಧವಾರ ಸರಿಯಾಗಿ ಹೋಯಿತು. ಥಾಮಸ್ ಪರದೆಯ ಮೇಲೆ ಬಂದು ನನಗೆ ಕೈ ಮುಗಿದ. “ಆಜೀ, ಆಪ್‌ನೇ ಬಚಾ ಲಿಯಾ!” ಎಂದ, ಅಜ್ಜಿ ನೀವೇ ಉಳಿಸಿದಿರಿ ಎಂದು. ನಾನೂ ದೊಡ್ಡಸ್ತಿಕೆಯಿಂದ, ಶನಿವಾರ ಪಂಚಮಿಗೆ ಎಲ್ಲರೂ ಊಟಕ್ಕೆ ಬನ್ನಿ ಎಂದುಬಿಟ್ಟೆ. ಹನ್ನೊಂದೂ ಜನ ಒಪ್ಪಿಕೊಂಡರು. ಇಂಥ ವಿಷಯಕ್ಕೆ ಅವರಿಗೆ ಮೀಟಿಂಗ್ ಬೇಕಾಗಲಿಲ್ಲ.

ಗುರುವಾರ ದೀಪಾ ತಲೆ ತಗ್ಗಿಸಿಕೊಂಡು ಬಂದಳು. “ಅತ್ತೆ, ಶುಕ್ರವಾರ ಹಬ್ಬವೇ ಅಲ್ಲ ಅಂತ ಸಿಸ್ಟಮ್ ನನ್ನ ರಜೆ ಕ್ಯಾನ್ಸಲ್ ಮಾಡ್ತು.”

“ಯಾವ ಸಿಸ್ಟಮ್?”

“ನಾವು ಮಾಡಿದ್ದೇ.”

ಹೀಗೆ ನನ್ನ ಜಾಣತನದಿಂದ ನನ್ನ ಒಂದು ಸೂಟಿ ಹೋಯಿತು, ಸೊಸೆಯದೂ ಹೋಯಿತು. ಶನಿವಾರ ಅವಳಿಗೆ ಹೇಗೂ ಸೂಟಿಯೇ. ಶುಕ್ರವಾರ ಅವಳು ಐರೋಲಿಗೆ ಹೋದಳು, ನಾನು ಒಬ್ಬಳೇ ಕೂತು ನೂರಾ ಐವತ್ತು ರೊಟ್ಟಿ ಬಡಿದೆ. ಸೊಂಟ ಎಡಕ್ಕೂ ಹಿಡಿಯಿತು, ಬಲಕ್ಕೂ ಹಿಡಿಯಿತು, ನಡುವೆ ಒಂದು ಹೊಸ ಜಾಗವನ್ನೂ ಕಂಡುಕೊಂಡಿತು.

ಶನಿವಾರ ಮಾತ್ರ ಹಬ್ಬ ಹಬ್ಬದ ಹಾಗೇ ಆಯಿತು. ಹುಡುಗರೆಲ್ಲ ನೆಲದ ಮೇಲೆ ಕೂತು ರೊಟ್ಟಿ ಮುರಿದರು. ಶೇಂಗಾ ಚಟ್ನಿಗೆ ಮೊಸರು ಹಾಕಿಕೊಂಡರು, ಉಂಡಿಗಾಗಿ ಜಗಳಾಡಿದರು. ಥಾಮಸ್ ಕಡಕ್ ರೊಟ್ಟಿಯನ್ನು ಹಪ್ಪಳ ಎಂದುಕೊಂಡು ಏಳು ತಿಂದು, ಊಟ ಯಾವಾಗ ಎಂದು ಕೇಳಿದ. ತಟ್ಟೆಗಳನ್ನೂ ಅವರೇ ತೊಳೆದರು. ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಏಳಬೇಡಿ ಆಜೀ ಎಂದರು.

ಕೂತೆ. ಮೊದಲ ಒಂದು ತಾಸು ಸುಖ ಎನಿಸಿತು. ಎರಡನೆಯ ತಾಸಿಗೆ ಕೈ ತುರಿಸತೊಡಗಿತು. ಅವರೆಲ್ಲ ಹೋದ ಮೇಲೆ ಸೊಸೆಗೆ ಬೈದೆ, ಮಗನಿಗೆ ಬೈದೆ, ಒರೆಸಿದ ಡಬ್ಬಿಗಳನ್ನೇ ಮತ್ತೆ ಒರೆಸಿದೆ. ಗೋಡೆಗೆ ಒರಗಿ ನಿಂತ ಹಂಚನ್ನು ನಾಲ್ಕು ಸಲ ನೋಡಿ ಬಂದೆ. ಪಂಚಮಿ ಇಷ್ಟು ಉದ್ದ ಇರುತ್ತದೆ ಎಂದು ಯಾವ ಕ್ಯಾಲೆಂಡರಿನಲ್ಲೂ ಬರೆದಿಲ್ಲ.

ಮರುದಿನ ಭಾನುವಾರ, ಎಲ್ಲರೂ ಮಲಗಿದ್ದರು. ಕಿಟಕಿಯ ಹೊರಗೆ ಇನ್ನೂ ಬೆಳಕು ಹರಿದಿರಲಿಲ್ಲ. ನಾನು ಮೆಲ್ಲಗೆ ಹಂಚು ಇಟ್ಟು, ಎರಡನೆಯ ರೊಟ್ಟಿ ಬಡಿಯುತ್ತಿದ್ದೆ. ದೀಪಾ ಕಣ್ಣುಜ್ಜಿಕೊಳ್ಳುತ್ತ ಬಾಗಿಲಲ್ಲಿ ನಿಂತಳು.

“ಅತ್ತೆ! ಇನ್ನೂ ಸೂರ್ಯ ಹುಟ್ಟಿಲ್ಲ. ನೀವೇ ಹೇಳಿದ ಲೆಕ್ಕದಲ್ಲಿ ಇನ್ನೂ ನಿನ್ನೆಯ ಪಂಚಮಿಯೇ!”

“ಜಪಾನಿನ್ಯಾಗ ಹುಟ್ಟ್ಯಾನಿಲ್ಲ?” ಎಂದೆ.

“ಅಲ್ಲಿ ಆಗಲೇ ಹುಟ್ಟಿರ್ತಾನೆ…”

“ಸಾಕ ಬಿಡ. ಹೋಗಿ ಮಲಗ” ಎಂದು ರೊಟ್ಟಿ ತಿರುವಿಹಾಕಿದೆ.